ಪಾಲಾಕ್ಷನ ಸರ್ವರಿನಲ್ಲಿ ಬದುಕಿದ್ದವರು

ಬಾಗೂರಿನ ಪಾಲಾಕ್ಷ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಪೂರ್ತಿ ಕೇಳಿದ ಮೇಲೆ ಯಾರೂ ಒಪ್ಪುವುದಿಲ್ಲ. ಊರಿನ ತೆಂಗು ಬೆಳೆಗಾರರ ಸಂಘದಲ್ಲಿ ಅವನು ಗುಮಾಸ್ತ. ರಸೀದಿ ಬರೆಯುವುದು, ಸಭೆಗೆ ಕುರ್ಚಿ ಹಾಕಿಸುವುದು, ಅಧ್ಯಕ್ಷ ಶಶಿಕುಮಾರ್ ಭಾಷಣ ಮಾಡುವಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವುದು ಅವನ ಪಾಲಿನ ಕೆಲಸಗಳು. ಇವುಗಳಲ್ಲಿ ಅವನನ್ನು ಮೀರಿಸಿದವರು ಇಡೀ ಹೋಬಳಿಯಲ್ಲಿ ಇರಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮ್ಮ ಬೀದಿಯವರಿಗೆಲ್ಲ ಈಗ ಅನ್ನಿಸುತ್ತದೆ.

ಕೆಟ್ಟದ್ದು ಶುರುವಾದದ್ದು ಹಾಸನದಲ್ಲಿ, ಅವನ ಭಾಮೈದ ಸಿದ್ದೇಶನ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಸಿದ್ದೇಶ ಹಾಸನದಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಪಂಕ್ತಿಯಲ್ಲಿದ್ದ ಅವನ ಸ್ನೇಹಿತರಲ್ಲೊಬ್ಬ, "ನಿಮ್ಮ ಭಾವ ಏನ್ ಮಾಡ್ಕೊಂಡವ್ರೆ?" ಎಂದು ಕೇಳಿದ.

"ಸಂಘದಲ್ಲಿ ರಸೀದಿ ಬರೀತಾರೆ," ಎಂದ ಸಿದ್ದೇಶ. ಅದು ನಿಜವೇ. ಆದರೆ ಎದುರಿಗೆ ಪಾಲಾಕ್ಷನ ಅತ್ತೆ ಒಬ್ಬಟ್ಟು ಬಡಿಸುತ್ತಿದ್ದರು, ಪಕ್ಕದಲ್ಲಿ ಹೆಂಡತಿ ನೀಲಾಂಬಿಕೆ ತುಪ್ಪದ ತಂಬಿಗೆ ಹಿಡಿದು ನಿಂತಿದ್ದಳು.

"ರಸೀದಿ ಎಲ್ಲಾ ಅವಾಗ್ಲೇ ಓಯ್ತು ಕಣಪ್ಪ. ಈಗ ಎಲ್ಲಾ ಆನ್‌ಲೈನು. ಸರ್ವರ್ ನಾನೇ ನೋಡ್ಕತೀನಿ," ಎಂದುಬಿಟ್ಟ ಪಾಲಾಕ್ಷ.

"ಸರ್ವರ್ರಾ? ಲಿನಕ್ಸಾ ಭಾವ?"

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ ಎಂದು ಪಾಲಾಕ್ಷನಿಗೆ ಗೊತ್ತಿರಲಿಲ್ಲ. "ಇನ್ನೇನ್ ಮತ್ತೆ? ಅದ್ಕಿಂತ ಗಟ್ಟಿ ಯಾವ್ದೈತೆ?" ಎಂದು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡ. ಸಿದ್ದೇಶನಿಗೆ ಪಾಪ, ನಿಜವಾಗಿಯೂ ಖುಷಿಯಾಯಿತು. ತನ್ನ ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಮಾಡಿದ್ದ ಒಂದು ಅಪ್ಲಿಕೇಶನ್ನನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಸಂಘದ ಸದಸ್ಯರ ಹೆಸರು ಬರೆದು, ಕ್ಯಾಮೆರಾದಲ್ಲಿ ಮುಖ ಹಿಡಿದು ದಾಖಲು ಮಾಡುವ ಅಪ್ಲಿಕೇಶನ್ ಅದು. "ನಿಮ್ ಸರ್ವರ್‌ಗೆ ಇದ್ನ ಹಾಕಿದ್ರೆ ಸಾಕು ಭಾವ, ಓಡ್ತದೆ," ಎಂದ. ಹೀಗೆ ಪಾಲಾಕ್ಷ ಸರ್ವರಿಗೆ ಹಾಕುವ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು, ಸರ್ವರ್ ಮಾತ್ರ ಇಲ್ಲದೆ, ಚನ್ನರಾಯಪಟ್ಟಣದ ಬಸ್ಸು ಹತ್ತಿದ.

ಸಂಘದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರೊಂದನ್ನು ಅಧ್ಯಕ್ಷರ ಅನುಮತಿ ಪಡೆದು ಮನೆಗೆ ತಂದ. ನಡುಮನೆಯಲ್ಲಿ ದೇವರ ಗೂಡಿನ ಪಕ್ಕ ಇಟ್ಟ. ಯಾರೋ ಪುಣ್ಯಾತ್ಮ ಹಿಂದಿಯಲ್ಲಿ ಹೇಳಿಕೊಡುವ ವಿಡಿಯೋ ಒಂದನ್ನು ಮೊಬೈಲಿನಲ್ಲಿ ಹಚ್ಚಿ, ಅವನು ಏನು ಒತ್ತಿದರೆ ಅದನ್ನೇ ಒತ್ತುತ್ತಾ ಹೋದ. ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ಪಾಲಾಕ್ಷ ಒತ್ತಿದ. ಪರದೆಯ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ, ಚುಕ್ಕೆಯೂ ಬರಲಿಲ್ಲ. ಲಿನಕ್ಸಿನಲ್ಲಿ ಪಾಸ್‌ವರ್ಡ್ ಕಾಣಿಸದಿರುವುದೇ ಪದ್ಧತಿ. ಅದು ಗೊತ್ತಿಲ್ಲದ ಪಾಲಾಕ್ಷ ಕೀಬೋರ್ಡ್ ಕೆಟ್ಟಿದೆ ಎಂದು ಪಟ್ಟಣಕ್ಕೆ ಹೋಗಿ ಹೊಸದು ತಂದ. ಅದರಲ್ಲೂ ಕಾಣಿಸಲಿಲ್ಲ. ಅಂಗಡಿಯವನ ಜೊತೆ ಜಗಳವಾಡಿ ಇನ್ನೊಂದು ತಂದ. ಕೊನೆಗೆ ಸಿಟ್ಟಿನಲ್ಲಿ ಕುಟ್ಟಿದಾಗ ಪಾಸ್‌ವರ್ಡ್ ಸರಿಹೋಗಿ ಬಾಗಿಲು ತೆರೆಯಿತು. ಲಿನಕ್ಸಿಗೆ ಗದರಿದರೇ ಬಗ್ಗುವುದು ಎಂದು ಅವನು ನಮಗೆ ಉಪದೇಶ ಮಾಡಿದ.

ಅಂತೂ ಒಂದು ಭಾನುವಾರ ಸರ್ವರ್ ಎದ್ದಿತು. ಪರದೆಯಲ್ಲಿ ಆ ಸರ್ವರಿನ ಗುರುತಾದ ಒಂದು ಬೆಕ್ಕಿನ ಚಿತ್ರ, ಅದರ ಜೊತೆ ಇಂಗ್ಲಿಷಿನಲ್ಲಿ ಒಂದು ಸಾಲು. ನೀಲಾಂಬಿಕೆ ಪಿಯುಸಿ ಓದಿದವಳು, ಅವಳೇ ಓದಿ ಹೇಳಿದಳು: "ನೀವು ಇದನ್ನ ನೋಡ್ತಿದ್ದೀರಿ ಅಂದ್ರೆ ಸರ್ವರ್ ಸ್ಥಾಪನೆ ಯಶಸ್ವಿಯಾಗಿದೆ. ಅಭಿನಂದನೆಗಳು."

"ನಂಗಾ?" ಎಂದ ಪಾಲಾಕ್ಷ.

"ಇನ್ಯಾರ್ ಕುಂತವ್ರೆ ಇಲ್ಲಿ?"

ಸಂಘದಲ್ಲಿ ಇಷ್ಟು ವರ್ಷ ದುಡಿದರೂ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ಸಿದ್ದೇಶನ ಅಪ್ಲಿಕೇಶನ್ನನ್ನು ಅದಕ್ಕೆ ಹಾಕಿ, ಒಂದು ಕ್ಯಾಮೆರಾ ಸಿಕ್ಕಿಸಿ, ಬೀದಿಗೆಲ್ಲ ಮೈಸೂರುಪಾಕು ಹಂಚಿದ. ನಾವೂ ತಿಂದೆವು, ಆದ್ದರಿಂದ ತಪ್ಪಿನಲ್ಲಿ ನಮಗೂ ಪಾಲಿದೆ.

ಆ ಸರ್ವರಿನ ಎರಡು ಗುಣಗಳನ್ನು ಇಲ್ಲಿ ಹೇಳಬೇಕು. ಒಂದು, ಅದು ಪಾಲಾಕ್ಷನ ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸುತ್ತಿತ್ತು, ಜಗತ್ತಿನ ಬೇರೆ ಯಾವ ಮೂಲೆಯಲ್ಲೂ ಕಾಣಿಸುತ್ತಿರಲಿಲ್ಲ. ನೋಡಲು ಬಂದ ಶಶಿಕುಮಾರ್, "ಇದು ಅಮೇರಿಕಾದಾಗೂ ಕಾಣ್ತದೇನಯ್ಯಾ?" ಎಂದರೆ, "ಇಲ್ಲಿ ಕಾಣ್ತೈತಲ್ಲಾ ಸಾ," ಎಂದು ಪಾಲಾಕ್ಷ ಜಾಣತನದಿಂದ ಉತ್ತರಿಸಿದ. ಇನ್ನೊಂದು, ಅದನ್ನು ಎಬ್ಬಿಸಿದ ಕಪ್ಪು ಕಿಟಕಿಯನ್ನು ಮುಚ್ಚಿದರೆ ಸರ್ವರ್ ಕೂಡ ಮಲಗಿಬಿಡುತ್ತಿತ್ತು. ಅದನ್ನು ತಾನಾಗಿಯೇ ಏಳುವಂತೆ, ಏಳಿಸಿದ ಮೇಲೆ ಯಾರ ಹಂಗಿಲ್ಲದೆ ನಿಲ್ಲುವಂತೆ ಮಾಡುವ ವಿಧಾನವಿದೆಯಂತೆ, ಆದರೆ ಅಷ್ಟರಲ್ಲಿ ಪಾಲಾಕ್ಷನ ಮೊಬೈಲಿನ ಡೇಟಾ ಮುಗಿದಿತ್ತು. ಹಾಗಾಗಿ ಆ ಕಿಟಕಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಕಸ ಗುಡಿಸುವಾಗ ನೀಲಾಂಬಿಕೆಯ ಸೆರಗು ಮೌಸಿಗೆ ತಗುಲಿದರೆ ಮನೆಯಲ್ಲಿ ರಾದ್ಧಾಂತ. ಕಂಪ್ಯೂಟರಿನ ಸುತ್ತ ರಂಗೋಲಿಯ ಗೆರೆ ಬಿತ್ತು. ಬಂದವರು ಚಪ್ಪಲಿ ಹೊರಗೆ ಬಿಡತೊಡಗಿದರು.

ಇನ್ನು ನಮ್ಮೂರಿನಲ್ಲಿ 'ಸರ್ವರ್ ಡೌನ್' ಎಂಬ ಮಾತು ಕೇಳದ ಕಿವಿಯಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಸರ್ವರ್ ಡೌನ್, ಪಹಣಿ ಕೇಳಿದರೆ ಸರ್ವರ್ ಡೌನ್, ಬ್ಯಾಂಕಿನಲ್ಲಿ ಪಾಸ್‌ಬುಕ್ ಚಾಚಿದರೆ ಸರ್ವರ್ ಡೌನ್. ಆ ಸರ್ವರ್ ಎಲ್ಲಿದೆ, ಯಾಕೆ ಬೀಳುತ್ತದೆ, ಎತ್ತುವವರು ಯಾರು ಎಂಬುದು ಮಾತ್ರ ಯಾರಿಗೂ ತಿಳಿಯದು. ಒಂದು ದಿನ ರೇಷನ್ ಅಂಗಡಿಯ ಶಿವರಾಜು ಸಾಲಿನಲ್ಲಿ ನಿಂತವರ ಬೈಗುಳ ತಾಳಲಾರದೆ, "ನನ್ನ್ಯಾಕ್ ತಿಂತೀರಾ? ಸರ್ವರ್ರು ನಿಮ್ ಪಾಲಾಕ್ಷನ ಮನ್ಯಾಗೇ ಐತಲ್ಲಾ, ಓಗಿ ಅಲ್ಲಿ ಕೇಳ್ರಿ!" ಎಂದ. ತಮಾಷೆಗೆ ಅಂದದ್ದು. ಸಾಲು ಸಾಲೇ ಚೀಲ ಹಿಡಿದು ಪಾಲಾಕ್ಷನ ಮನೆಗೆ ನಡೆಯಿತು.

ಪಾಲಾಕ್ಷ ಗಾಬರಿಯಾಗಿ, ಏನಾದರೂ ಮಾಡಬೇಕಲ್ಲ ಎಂದು, ತನ್ನ ಸರ್ವರನ್ನು ಒಮ್ಮೆ ಮಲಗಿಸಿ ಮತ್ತೆ ಎಬ್ಬಿಸಿದ. ಅದೇ ಹೊತ್ತಿಗೆ ಶಿವರಾಜುವಿನ ಯಂತ್ರ ಕೀ ಎಂದಿತು. ಅಕ್ಕಿ ಸಿಕ್ಕಿತು.

ಅಲ್ಲಿಂದ ಮುಂದೆ ಹೇಳುವುದೇನು? ಪಹಣಿ ಬಾರದವರು, ಪಾಸ್‌ಬುಕ್ ಎಂಟ್ರಿಯಾಗದವರು, ಗ್ಯಾಸ್ ಬುಕ್ಕಾಗದವರು ಬೆಳಿಗ್ಗೆಯಿಂದಲೇ ಜಗಲಿಯಲ್ಲಿ ಕೂರತೊಡಗಿದರು. "ಒಸಿ ಎತ್ತಿ ಪಾಲಾಕ್ಷಪ್ಪ" ಎಂದರೆ ಅವನು ಗಂಭೀರವಾಗಿ ಒಳಗೆ ಹೋಗಿ, ಮಲಗಿಸಿ, ಎಬ್ಬಿಸಿ, "ಈಗ ಓಗ್ ನೋಡಿ," ಎನ್ನುತ್ತಿದ್ದ. ಕೆಲಸವಾದರೆ ಅವನ ಕೈಗುಣ, ಆಗದಿದ್ದರೆ ಅವರ ಹಣೆಬರಹ. ಒಮ್ಮೆ ಪಟ್ಟಣದ ಯಾವುದೋ ಆಫೀಸಿನಿಂದಲೇ ಫೋನು ಬಂತು: "ಸಾರ್, ನಮ್ದೂ ಒಸಿ ನೋಡ್ರಿ." ಪಾಲಾಕ್ಷ ಅವರದ್ದನ್ನೂ ನೋಡಿದ. ಅದು ತನ್ನ ಸರ್ವರ್ ಅಲ್ಲ ಎಂದು ಅವನಿಗೆ ಮೊದಮೊದಲು ಚೆನ್ನಾಗಿ ಗೊತ್ತಿತ್ತು. ಬರಬರುತ್ತಾ ಅವನಿಗೂ ಸಂಶಯ ಬಂತು.

ಇಲ್ಲಿಯವರೆಗೆ ಆದದ್ದಕ್ಕೆ ನಾವು ನಕ್ಕಿದ್ದೇವೆ, ಈಗಲೂ ನಗುತ್ತೇವೆ. ಮುಂದಿನದಕ್ಕೆ ನಗು ಬರುವುದಿಲ್ಲ.

ನಮ್ಮ ಬೀದಿಯ ದ್ಯಾವಯ್ಯ ಗೊರೂರು ಅಣೆಕಟ್ಟೆಯಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದು ನಿವೃತ್ತನಾದವನು. ಅವನ ಜೊತೆಯವನು ಗೊರೂರಿನ ನಂಜಪ್ಪ. ನಂಜಪ್ಪ ನೀರಿನ ಮಟ್ಟ ನೋಡಿ ಕೂಗುವುದು, ದ್ಯಾವಯ್ಯ ಗೇಟು ಎತ್ತುವುದು. ಕೆಲಸ ಮುಗಿದ ಮೇಲೂ ಇಬ್ಬರೂ ತಿಂಗಳಿಗೊಮ್ಮೆ ಒಬ್ಬರನ್ನೊಬ್ಬರು ನೋಡದೆ ಇದ್ದವರಲ್ಲ. ಈಚೆಗೆ ನಂಜಪ್ಪನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು, ನಗುವೂ ಹೋಗಿತ್ತು.

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ತೋರಿಸಿಕೊಳ್ಳಬೇಕು. ಗೇಟಿನ ಗ್ರೀಸು ತಿಂದು ದ್ಯಾವಯ್ಯನ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದಿದ್ದವು. ಮುಖ ತೋರಿಸೋಣವೆಂದು ಪಟ್ಟಣಕ್ಕೆ ಹೋದಾಗಲೆಲ್ಲ 'ಸರ್ವರ್ ಡೌನ್, ನಾಳೆ ಬನ್ನಿ'. ದ್ಯಾವಯ್ಯ ಯೋಚನೆ ಮಾಡಿದ. ಗೊರೂರಿಗೆ ಹೋಗಿ ನಂಜಪ್ಪನನ್ನು ಬಸ್ಸಿನಿಂದ ಬಸ್ಸಿಗೆ ಹೆಗಲು ಕೊಟ್ಟು ಹತ್ತಿಸಿ ಇಳಿಸಿ, ನೇರವಾಗಿ ಪಾಲಾಕ್ಷನ ಮನೆಗೆ ಕರೆತಂದ.

"ಬಿದ್ದಿರೋ ಸರ್ವರ್‌ನ ಪಟ್ಟಣದಾಗ್ ಕೇಳೋದ್ಯಾಕೆ ಪಾಲಾಕ್ಷಪ್ಪ? ಅದಿರೋ ತಾವ್ಲೇ ಓಗಾಣ ಅಂತ ಬಂದೊ. ನಾವಿಬ್ರೂ ಬದ್ಕಿದೀವಿ ಅಂತ ಬರ್ಕೊಂಬುಡಿ."

ಆ ದಿನ ಕಾರ್ತಿಕ ಸೋಮವಾರ. ಹಾಸನದಿಂದ ಅತ್ತೆ ಬಂದಿದ್ದರು. ಅವರು ಗಲ್ಲದ ಮೇಲೆ ಕೈಯಿಟ್ಟು, "ಶಿವನೇ! ಬದ್ಕಿರೋದ್ನೂ ನಮ್ಮ ಅಳಿಯಂದಿರೇ ಬರೀಬೇಕಾ?" ಎಂದು ಮಗಳ ಮುಖ ನೋಡಿದರು. ನೀಲಾಂಬಿಕೆಯ ಮುಖ ಅಷ್ಟು ಅಗಲವಾದದ್ದನ್ನು ಪಾಲಾಕ್ಷ ಮದುವೆಯ ದಿನವೂ ಕಂಡಿರಲಿಲ್ಲ.

'ದ್ಯಾವಣ್ಣ, ಇದು ಆ ಸರ್ವರ್ ಅಲ್ಲ.' ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ಅವನ ಗಂಟಲವರೆಗೆ ಬಂತು ಎಂದು ನೀಲಾಂಬಿಕೆ ಈಗಲೂ ಹೇಳುತ್ತಾಳೆ. ಗಂಡನ ಪರವಾಗಿ ಹೇಳುವುದೋ, ಕಂಡದ್ದೋ ತಿಳಿಯದು. ಪಾಲಾಕ್ಷ ಮಾತ್ರ ಸ್ಟೂಲು ಎಳೆದು, "ಕುತ್ಕೊಳಿ," ಎಂದ.

ಇಬ್ಬರನ್ನೂ ಒಟ್ಟಿಗೇ ಕ್ಯಾಮೆರಾದ ಎದುರು ಕೂರಿಸಿದ. ನಂಜಪ್ಪನ ತಲೆ ವಾಲುತ್ತಿತ್ತು. ದ್ಯಾವಯ್ಯ ಅವನ ಗಲ್ಲ ಹಿಡಿದು ಎತ್ತಿ, ಹಿಂದೆ ನಂಜಪ್ಪ ಕೂಗುತ್ತಿದ್ದುದನ್ನು ಈಗ ತಾನೇ ಅವನ ಕಿವಿಯಲ್ಲಿ ಕೂಗಿದ: "ಲೇ ನಂಜಾ, ನೀರ್ ಬಂತು ಕಣ್ಲಾ! ಎತ್ತು ಅನ್ಲಾ!"

ನಂಜಪ್ಪ ನಕ್ಕ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆ ಗಳಿಗೆಯಲ್ಲೇ ಪಾಲಾಕ್ಷ ಒತ್ತಿದ. ಪರದೆಯ ಮೇಲೆ ಹಸಿರು ಅಕ್ಷರ ಬಂತು: 'ನಿಮ್ಮ ವಿವರಗಳನ್ನು ಸ್ವೀಕರಿಸಲಾಗಿದೆ.' ದ್ಯಾವಯ್ಯ ಅದನ್ನು ನೀಲಾಂಬಿಕೆಯಿಂದ ಮತ್ತೆ ಮತ್ತೆ ಓದಿಸಿ ಕೇಳಿದ. ನಂಜಪ್ಪ ಆಡುವ ಒಂದು ಕೈಯನ್ನೇ ಎತ್ತಿ ಕಂಪ್ಯೂಟರಿಗೆ ನಮಸ್ಕಾರ ಮಾಡಿದ.

ನಾಳೆ ಹೇಳಿದರಾಯಿತು ಎಂದುಕೊಂಡ ಪಾಲಾಕ್ಷ. ಮರುದಿನ ದ್ಯಾವಯ್ಯ ಎಳನೀರಿನ ಗೊನೆ ತಂದಿಟ್ಟು ಹೋದ. ಎಳನೀರು ಇಟ್ಟುಕೊಂಡು ಹೇಗೆ ಹೇಳುವುದು? ಆಮೇಲೆ ಸಿಕ್ಕಾಗಲೆಲ್ಲ ಜೊತೆಯಲ್ಲಿ ಯಾರಾದರೂ ಇರುತ್ತಿದ್ದರು. ನವೆಂಬರ್ ಮುಗಿಯಿತು.

ಡಿಸೆಂಬರಿನಲ್ಲಿ ಅತ್ತೆಯನ್ನು ಕರೆದೊಯ್ಯಲು ಸಿದ್ದೇಶ ಬಂದ. ಸರ್ವರನ್ನು ನೋಡಿ, "ಭಾವ, ಇದು ಯಾವ ಕಾಲದ ವರ್ಷನ್ನು? ಈಗ ಯಾರೂ ಇದ್ನ ಇಟ್ಕೊಂಡಿಲ್ಲ," ಎಂದು ನಕ್ಕ. ಅತ್ತೆಯೂ ನಕ್ಕರು. ಅವರು ಅತ್ತ ಬಸ್ಸು ಹತ್ತುತ್ತಲೇ ಪಾಲಾಕ್ಷ ಹಳೆಯ ಸರ್ವರಿನ ಫೋಲ್ಡರನ್ನು ಬೇರುಸಮೇತ ಅಳಿಸಿಹಾಕಿದ. ಲಿನಕ್ಸು, ನಿಜವಾಗಿಯೂ ಅಳಿಸಲಾ ಎಂದು ಒಂದು ಮಾತೂ ಕೇಳಲಿಲ್ಲ. ಗದರಿದವರ ಮಾತನ್ನು ಅದು ಹಾಗೆಯೇ ಪಾಲಿಸುತ್ತದೆ. ಹಿಡಿದ ಮುಖಗಳೆಲ್ಲ ಆ ಫೋಲ್ಡರಿನೊಳಗೇ ಇರುತ್ತವೆ ಎಂಬುದು ಪಾಲಾಕ್ಷನಿಗೆ ಹೊಳೆದಿರಲಿಲ್ಲ. ಹೊಸ ಸರ್ವರ್ ಹಾಕಿದ. ಸಿದ್ದೇಶನ ಹಳೆಯ ಅಪ್ಲಿಕೇಶನ್ ಹೊಸದಕ್ಕೆ ಒಗ್ಗಲಿಲ್ಲ. ಆದರೂ ಬೆಕ್ಕು ಬಂತು, ಅಭಿನಂದನೆ ಬಂತು. ಅಷ್ಟೇ ಸಾಕೆಂದು ಬಿಟ್ಟ.

ಹೊಸ ವರ್ಷದಲ್ಲಿ ದ್ಯಾವಯ್ಯನ ಪಿಂಚಣಿ ಬರಲಿಲ್ಲ. ಗೊರೂರಿನಲ್ಲಿ ನಂಜಪ್ಪನದೂ ಬರಲಿಲ್ಲ. ದ್ಯಾವಯ್ಯನ ಹೆಂಡತಿ ರೇವಮ್ಮ, "ಬಸ್ ಚಾರ್ಜಿಗೆ ಕಾಸಿಲ್ದಿದ್ರೆ ಬುಡು. ನಮಗ್ ಎಂಗಸ್ರಿಗೆ ಬಸ್ಸು ಫ್ರೀ, ನಂಜಣ್ಣನ್ನ ನಾನೇ ನೋಡ್ಕಂಡ್ ಬತ್ತೀನಿ," ಎಂದು ರೇಗಿಸುತ್ತಿದ್ದಳು. ದ್ಯಾವಯ್ಯ ಸೊಸೆಯ ಮುಂದೆ ಕೈಚಾಚುವ ಜಾತಿಯವನಲ್ಲ. ಗೊರೂರಿಗೆ ಹೋಗುವುದನ್ನೇ ಬಿಟ್ಟ. ಕೊನೆಗೆ ಒಂದು ದಿನ ಪಾಲಾಕ್ಷನ ಕೈ ಹಿಡಿದು, ಪಟ್ಟಣದ ಪಿಂಚಣಿ ಆಫೀಸಿಗೆ ಎಳೆದುಕೊಂಡು ಹೋದ. ಅಲ್ಲಿ ಕೂತಿದ್ದವಳು ಶೋಭಿತಾ ಎಂಬ ಹುಡುಗಿ, ಒಳ್ಳೆಯ ಮಾತಿನವಳು.

"ಅಜ್ಜ, ನೀವು ಬದುಕಿದ್ದೀರಿ ಅನ್ನೋ ಸರ್ಟಿಫಿಕೇಟ್ ಬಂದೇ ಇಲ್ವಲ್ಲ."

"ಬಂದೈತೆ ಕಣವ್ವ. ಇವ್ರ ಸರ್ವರ್‌ನಾಗ್ ಐತೆ. ಸರ್ವರ್ ನೋಡ್ಕಳೋರು ಇವ್ರೇಯ."

ಸಾಲಿನಲ್ಲಿ ನಿಂತಿದ್ದವರೆಲ್ಲ ಒಮ್ಮೆಗೇ ತಿರುಗಿದರು. "ನೀವೇನಾ ಅದು?" ಎಂದಳು ಒಬ್ಬ ನಿವೃತ್ತ ಟೀಚರಮ್ಮ. "ಎಷ್ಟ್ ದಿನದಿಂದ ನಿಮ್ ಮುಖ ನೋಡ್ಬೇಕು ಅಂತಿದ್ದೆ!" ಇನ್ನೊಬ್ಬರು ಪಾಲಾಕ್ಷನ ಶರಟು ಹಿಡಿದರು. "ಅದ್ಯಾಕ್ ಅಂಗ್ ಬೀಳಿಸ್ತೀರಿ ದಿನಾ? ಏನ್ ರೋಗ ಅದ್ಕೆ?" ಮತ್ತೊಬ್ಬರು ಕೊಡೆ ಎತ್ತಿದರು. ಪಾಲಾಕ್ಷ ಕೌಂಟರಿಗೆ ಬೆನ್ನು ಹಚ್ಚಿ, ಜೀವಮಾನದಲ್ಲೇ ಮೊದಲ ಬಾರಿಗೆ ಇದ್ದದ್ದನ್ನು ಇದ್ದ ಹಾಗೆ ಕೂಗಿ ಹೇಳಿದ: "ಅಯ್ಯೋ, ನಂದು ಆ ಸರ್ವರ್ ಅಲ್ಲಾ! ನಮ್ಮನೇಲಿ ಮಾತ್ರ ಕಾಣ್ತದೆ! ಸರ್ಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ದ್ಯಾವಯ್ಯ ನಗಲಿಲ್ಲ. "ಮತ್ತೆ ಅವತ್ತು ಹಸಿರು ಅಕ್ಸರ ಬಂತಲ್ಲ?" ಎಂದು ಕೇಳಿದ.

ಶೋಭಿತಾ ಅಲ್ಲಿಯೇ ತನ್ನ ಮೊಬೈಲು ಹಿಡಿದು ದ್ಯಾವಯ್ಯನ ಮುಖ ತೆಗೆದಳು. ಕಾಫಿ ಆರುವಷ್ಟರಲ್ಲಿ ಅವನು ಸರ್ಕಾರದ ಲೆಕ್ಕದಲ್ಲಿ ಬದುಕಿದ. "ಇನ್ನೊಬ್ಬರು ಎಲ್ಲಿ? ಬರೋಕಾಗದಿದ್ರೆ ಮನೆಯಲ್ಲೇ, ಯಾರ ಮೊಬೈಲಲ್ಲಾದ್ರೂ ಹೀಗೇ ಮಾಡ್ಬಹುದು," ಎಂದು ಹೇಗೆಂದು ತೋರಿಸಿಕೊಟ್ಟಳು. ಪಾಲಾಕ್ಷನ ಮೊಬೈಲಿನಲ್ಲಿ ಅದನ್ನು ಹಾಕಿಸಿಕೊಂಡು ಇಬ್ಬರೂ ಹಾಸನದ ಬಸ್ಸು ಹತ್ತಿ, ಅಲ್ಲಿಂದ ಗೊರೂರಿನ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಪಾಲಾಕ್ಷ ಮೊಬೈಲಿನ ಚಾರ್ಜು ಇಳಿಯದಂತೆ ಎದೆಗೆ ಒತ್ತಿ ಹಿಡಿದಿದ್ದ.

ನಂಜಪ್ಪನ ಮನೆಯ ಮುಂದೆ ಬಾಡಿಗೆ ಕುರ್ಚಿಗಳು ಇದ್ದವು. ಹೊಸ್ತಿಲ ಹೊರಗೆ ಸೌದೆ ಹೊಗೆಯಾಡುತ್ತಿತ್ತು. ನಂಜಪ್ಪ ಬೆಳಗಿನ ಜಾವವೇ ಹೋಗಿಬಿಟ್ಟಿದ್ದ.

ಮೊಮ್ಮಗಳು ಮೇಘಶ್ರೀ ದ್ಯಾವಯ್ಯನನ್ನು ನೋಡಿ ಅಳುತ್ತಾ ಹೇಳಿದಳು: "ಪಿಂಚಣಿ ಬಂತಾ ಅಂತ ಕಣ್ಣಲ್ಲೇ ಕೇಳೋದು ತಾತ. ನಿನ್ನ ಸತ್ತೋರ ಲೆಕ್ಕಕ್ಕೆ ಆಕ್ಬುಟ್ಟವ್ರೇನೋ ತಾತ ಅಂತ ನಾನೇ ತಮಾಷೆ ಮಾಡ್ದೆ. ಇಲ್ಲ ಇಲ್ಲ ಅಂತ ತಲೆ ಆಡಿಸ್ಬುಟ್ಟು, ಬಾಗೂರ್ ಕಡಿಕೆ ಕೈ ತೋರಿಸೋದು. ಅಲ್ಲಿ ಬರೆಸ್ ಬಂದಿದೀನಿ ಅಂತ. ಕೊನೇ ದಿನಾನೂ ತೋರಿಸ್ತು."

ಪಾಲಾಕ್ಷ ಕುರ್ಚಿಯಲ್ಲಿ ಕೂರಲಿಲ್ಲ. ಮೊಬೈಲನ್ನು ಜೇಬಿಗೆ ಇಟ್ಟುಕೊಳ್ಳುವುದಕ್ಕೂ ಅವನಿಗೆ ನಾಚಿಕೆಯಾಯಿತು. ಅವನು ಅಳುವುದನ್ನು ನೋಡಿದ ಗೊರೂರಿನವರು ಹತ್ತಿರದ ನೆಂಟನಿರಬೇಕು ಎಂದುಕೊಂಡರು.

ತಿಥಿಯೆಲ್ಲ ಮುಗಿದ ಮೇಲೆ ದ್ಯಾವಯ್ಯ ಪಾಲಾಕ್ಷನ ಮನೆಗೆ ಬಂದ. ಬೈಯಲು ಬಂದನೆಂದು ನಾವೆಲ್ಲ ಜಗಲಿಗೆ ಬಂದು ನಿಂತೆವು. ಬೈದಿದ್ದರೆ ಪಾಲಾಕ್ಷನಿಗೂ ಹಗುರಾಗುತ್ತಿತ್ತು. ದ್ಯಾವಯ್ಯ ಚಪ್ಪಲಿ ಹೊರಗೆ ಬಿಟ್ಟು, ರಂಗೋಲಿ ತುಳಿಯದಂತೆ ನಿಂತ.

"ಪಾಲಾಕ್ಷಪ್ಪ, ಅವತ್ತು ನಂಜ ನಕ್ಕಿದ್ನಲ್ಲಾ. ಅವರ್ ಮನ್ಯಾಗೆ ಇರೋ ಪಟದಾಗೆಲ್ಲಾ ಮುಖ ಬಿಗ್ಕೊಂಡವ್ನೆ. ಅದೊಂದ್ ಕೊಟ್ರೆ ಪಟ್ಟಣದಾಗ್ ಕಟ್ ಆಕಿಸ್ಕತೀನಿ."

ಪಾಲಾಕ್ಷನ ಮುಖ ಒಮ್ಮೆಗೇ ಅರಳಿತು. ಮಾಡಿದ್ದನ್ನು ಇಷ್ಟಾದರೂ ತೊಳೆದುಕೊಳ್ಳಬಹುದು ಎಂದುಕೊಂಡ ಪಾಪ. "ಈಗ್ಲೇ ಕೊಡ್ತೀನಿ ದ್ಯಾವಣ್ಣ," ಎಂದು ಸ್ಟೂಲು ಎಳೆದು ಅವನನ್ನು ಕೂರಿಸಿ ಸರ್ವರಿನ ಪುಟ ತೆರೆದ. ಬೆಕ್ಕು ಬಂತು. ಮತ್ತೆ ಒತ್ತಿದ. ಬೆಕ್ಕೇ ಬಂತು. ಫೋಲ್ಡರುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದ. ಹಾಗೆ ನೋಡುತ್ತಾ ನೋಡುತ್ತಾ ಅವನ ಕೈ ನಿಂತುಹೋಯಿತು.

"ಅದೇನೋ ಬರ್ದೈತಲ್ಲ, ಏನಂತ?" ಎಂದ ದ್ಯಾವಯ್ಯ.

ಅಡುಗೆಮನೆಯಿಂದ ಕಾಫಿ ತಂದ ನೀಲಾಂಬಿಕೆ ಏನೂ ತಿಳಿಯದೆ ಓದಿದಳು: "ಸ್ಥಾಪನೆ ಯಶಸ್ವಿಯಾಗಿದೆ. ಅಭಿನಂದನೆಗಳು."

"ಅಂಗಂದ್ರೆ, ನಂಜ ಒಳಗವ್ನಾ?"

"ಇಲ್ಲ ದ್ಯಾವಣ್ಣ," ಎಂದ ಪಾಲಾಕ್ಷ. "ನಾನೇ ಅಳಿಸ್ಬುಟ್ಟೆ. ಗೊತ್ತಾಗ್ಲಿಲ್ಲ."

ದ್ಯಾವಯ್ಯ ಕಾಫಿ ಕುಡಿದ. ಲೋಟ ಕೆಳಗಿಟ್ಟು, "ನೀರ್ ಬಂತು ಕಣ್ಲಾ ಅಂದಿದ್ಕೆ ನಕ್ಕಿದ್ದು," ಎಂದು ಯಾರಿಗೋ ಹೇಳುವಂತೆ ಹೇಳಿ ಎದ್ದು ಹೋದ. ಪಾಲಾಕ್ಷ ಅಷ್ಟು ದಿನ ಕಾಪಾಡಿಕೊಂಡು ಬಂದಿದ್ದ ಕಪ್ಪು ಕಿಟಕಿಯನ್ನು ತಾನೇ ಮುಚ್ಚಿದ. ಮರುದಿನ ಕಂಪ್ಯೂಟರು ಸಂಘಕ್ಕೆ ವಾಪಸ್ಸು ಹೋಯಿತು. ಅವನು ಮತ್ತೆ ರಸೀದಿ ಬರೆಯತೊಡಗಿದ.

ಈಗಲೂ ರೇಷನ್ ಯಂತ್ರ ಕೈಕೊಟ್ಟರೆ ರೂಢಿಯ ಮೇಲೆ ಯಾರಾದರೂ ಅವನ ಬಾಗಿಲಿಗೆ ಬರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ, "ನಂದು ಆ ಸರ್ವರ್ ಅಲ್ಲ," ಎನ್ನುತ್ತಾನೆ ಪಾಲಾಕ್ಷ. ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಹುಣಸೆಹಣ್ಣು ಮಾರಲು ಬಂದವಳಿಗೂ ಒಮ್ಮೆ ಹೇಳಿದ್ದನ್ನು ಕೇಳಿ ಬೀದಿಯೆಲ್ಲ ನಕ್ಕಿತು.

ಮೊನ್ನೆ ನವೆಂಬರಿನಲ್ಲಿ ದ್ಯಾವಯ್ಯ ಒಗೆದ ಪಂಚೆಯುಟ್ಟು ಪಟ್ಟಣದ ಆಫೀಸಿಗೆ ಮುಖ ತೋರಿಸಲು ಹೊರಟಿದ್ದ. ಬೀದಿಯ ತಿರುವಿನಲ್ಲಿ ಪಾಲಾಕ್ಷ ಎದುರಾದ. ಅವನ ಬಾಯಿಗೆ ಬಂದದ್ದು ಅದೊಂದೇ: "ದ್ಯಾವಣ್ಣ, ನಂದು ಆ ಸರ್ವರ್ ಅಲ್ಲ."

ದ್ಯಾವಯ್ಯ ನಿಂತು ಅವನ ಮುಖ ನೋಡಿದ.

"ನಂಗ್ ಗೊತ್ತು ಬುಡಿ ಪಾಲಾಕ್ಷಪ್ಪ," ಎಂದ. "ನಂಜಂಗ್ ಗೊತ್ತಿರ್ನಿಲ್ಲ."

ಬಸ್ ಸ್ಟ್ಯಾಂಡಿನ ಕಡೆ ನಡೆದ.